ಪಾಪುವಿನ ಬೆವರು ಪರೀಕ್ಷೆ ಬಿಡಬೇಡಿ ಅಕ್ಕ

ಅಕ್ಕ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಹುಟ್ಟಿ ಎರಡು ದಿನವಾದರೂ ಪಾಪು ಕಕ್ಕ ಮಾಡಿಲ್ಲ, ಹೊಟ್ಟೆ ಉಬ್ಬಿದೆ, ಹಸಿರು ವಾಂತಿ, ಡಾಕ್ಟರು ಮೆಕೋನಿಯಂ ಇಲಿಯಸ್ (ಹುಟ್ಟಿದ ಮೇಲಿನ ಮೊದಲ ಮಲದಿಂದಲೇ ಕರುಳು ಕಟ್ಟುವುದು) ಅಂತಿದ್ದಾರೆ, ಸಿಸ್ಟಿಕ್ ಫೈಬ್ರೋಸಿಸ್ (ಮೈಯೊಳಗಿನ ಲೋಳೆ ಅಂಟಂಟಾಗಿ ಶ್ವಾಸಕೋಶ, ಜೀರ್ಣಾಂಗ ಕೆಡಿಸುವ, ಬೆವರು ಉಪ್ಪಾಗಿಸುವ ಹುಟ್ಟು ಕಾಯಿಲೆ) ಇರಬಹುದು ಅಂದರು ಅಂತ ಬರೆದಿದ್ದೀಯ. ನನ್ನ ಮಗ ಚಿನ್ನುಗೂ ಒಂಬತ್ತು ವರ್ಷದ ಹಿಂದೆ ಇದೇ ಆಗಿತ್ತು.

ದೊಡ್ಡಮ್ಮ, ಹರಳೆಣ್ಣೆ ನೆಕ್ಕಿಸಿ ಅಂತ ದಯವಿಟ್ಟು ಹೇಳಬೇಡಿ. ಕರುಳು ಕಟ್ಟಿಕೊಂಡಿರುವಾಗ ಬಾಯಿಗೆ ಏನು ಹಾಕಿದರೂ ಅಪಾಯ, ಎದೆಹಾಲನ್ನೇ ನಿಲ್ಲಿಸಿರುತ್ತಾರೆ. ಬಾಣಂತಿ ಏನೋ ತಿಂದಿದ್ದಕ್ಕೆ ಬಂದಿದ್ದೂ ಅಲ್ಲ. ಆ ಮೊದಲ ಕಪ್ಪು ಮಲ ಅಂಟಿನ ಹಾಗೆ ಗಟ್ಟಿಯಾಗಿ ಸಣ್ಣ ಕರುಳಿನ ಕೊನೆಯಲ್ಲಿ ಸಿಕ್ಕಿಕೊಂಡಿದೆ, ಅಷ್ಟೇ. ಸಿಸ್ಟಿಕ್ ಫೈಬ್ರೋಸಿಸ್ ಹೌದಾದರೆ ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿರುತ್ತದೆ, ಅವರಿಬ್ಬರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ನಮ್ಮಲ್ಲಿ ಒಳಗೊಳಗೇ ಹೆಣ್ಣು ಕೊಟ್ಟು ತಂದ ಸಂಬಂಧಗಳು ಜಾಸ್ತಿ ಅಲ್ವಾ, ಹಾಗಾಗಿ ಒಂದೇ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆಯೂ ಜಾಸ್ತಿ. ಪಾಪುವಿನ ಅಮ್ಮನನ್ನು ಯಾರೂ ಏನೂ ಅನ್ನಬೇಡಿ.

ಮೊದಲು ಎಕ್ಸ್‌ರೇಯಲ್ಲಿ ನೋಡುತ್ತಾ ಗ್ಯಾಸ್ಟ್ರೋಗ್ರಾಫಿನ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಎನಿಮಾ ಕೊಡಬಹುದು. ಅದು ಮೈಯಲ್ಲಿರುವ ನೀರನ್ನು ಕರುಳಿಗೆ ಎಳೆದು ಮಲವನ್ನು ಸಡಿಲ ಮಾಡುತ್ತದೆ, ಅದಕ್ಕೇ ಜೊತೆಗೆ ಡ್ರಿಪ್ ಬೇಕೇ ಬೇಕು. ಎಷ್ಟೋ ಮಕ್ಕಳಿಗೆ ಇಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಚಿನ್ನುಗೆ ಎರಡು ಸಲ ಕೊಟ್ಟರೂ ಬಿಡಲಿಲ್ಲ, ಆಪರೇಷನ್ ಆಯಿತು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಹಾಕಿದ್ದರು. ನೋಡಿ ನನ್ನ ಜೀವ ಹೋಗಿತ್ತು. ಎಂಟು ವಾರಕ್ಕೆ ಅದನ್ನು ಒಳಗೆ ಸೇರಿಸಿದರು.

ನಾನು ಮುಖ್ಯವಾಗಿ ಹೇಳಬೇಕಾದ್ದು ಇದರ ನಂತರದ್ದು. ಆಪರೇಷನ್ ಚೆನ್ನಾಗಾಯಿತು ಅಂತ ನಮ್ಮನ್ನು ಮನೆಗೆ ಕಳಿಸಿಬಿಟ್ಟರು, ಕಾರಣ ಏನು ಅಂತ ಯಾರೂ ಹುಡುಕಲಿಲ್ಲ. ಐದು ತಿಂಗಳಾದರೂ ಮಗು ತೂಕ ಏರಲಿಲ್ಲ, ಎಷ್ಟು ಹಾಲು ಕುಡಿದರೂ ಹಸಿವು, ಕಕ್ಕದಲ್ಲಿ ಎಣ್ಣೆಯ ಜಿಡ್ಡು, ಬಿಡದ ಕೆಮ್ಮು. ಮುತ್ತು ಕೊಟ್ಟರೆ ಹಣೆ ಉಪ್ಪುಪ್ಪು. ಬೇಸಿಗೆ ಬೆವರು ಅಂದುಕೊಂಡು ನಾನು ಸುಮ್ಮನಿದ್ದೆ! ಆಮೇಲೆ ಬೇರೆ ಡಾಕ್ಟರು ಬೆವರಿನ ಪರೀಕ್ಷೆ ಮಾಡಿಸಿದರು, ಬೆವರಿನ ಉಪ್ಪಿನಲ್ಲಿರುವ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ದಾಟಿದರೆ ಕಾಯಿಲೆ ಇದೆ ಅಂತ ಲೆಕ್ಕ, ಅವನದು ಅದಕ್ಕಿಂತ ಎಷ್ಟೋ ಮೇಲಿತ್ತು. ಆ ಐದು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ ಅಕ್ಕ, ಕರುಳು ಬಿಟ್ಟುಕೊಂಡರೂ ಪರೀಕ್ಷೆ ಬಿಡಬೇಡಿ. ರಕ್ತದಿಂದ ಜೀನ್ ಪರೀಕ್ಷೆ ಈಗಲೇ ಆಗುತ್ತದೆ. ಬೆವರಿನದು ಎರಡು ವಾರ ದಾಟಿ, ಮೈ ತೂಕ ಎರಡು ಕೆಜಿಗಿಂತ ಮೇಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೇಕಾದಷ್ಟು ಬೆವರು ಸಿಗುವುದಿಲ್ಲ. ಈ ಕಾಯಿಲೆ ಹುಡುಕಲು ಹುಟ್ಟಿದ ಮಕ್ಕಳ ಹಿಮ್ಮಡಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆ ನಾರ್ಮಲ್ ಬಂತು ಅಂತ ನಂಬಿ ಕೂರಬೇಡಿ, ಕರುಳು ಕಟ್ಟಿದ ಮಕ್ಕಳಲ್ಲಿ ಅದು ಕೆಲವು ಸಲ ತಪ್ಪಿ ನಾರ್ಮಲ್ ಬರುತ್ತದೆ.

ಚಿನ್ನು ಈಗ ಮೂರನೇ ಕ್ಲಾಸು. ಊಟಕ್ಕೆ ಮುಂಚೆ ಜೀರ್ಣಕ್ಕೆ ಎನ್ಜೈಮ್ ಕ್ಯಾಪ್ಸೂಲ್, ದಿನಾ ಎದೆ ತಟ್ಟಿ ಕಫ ತೆಗೆಯುವುದು, ಬೇಸಿಗೆಯಲ್ಲಿ ಜಾಸ್ತಿ ಉಪ್ಪು. ಮಧ್ಯಾಹ್ನ ಬಿಸಿಲಲ್ಲಿ ಕ್ರಿಕೆಟ್ ಆಡಿ ಬಂದು ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡಿಯುತ್ತಾನೆ.

ಹಾಲು ನಿಂತುಹೋಗದ ಹಾಗೆ ಪಾಪುವಿನ ಅಮ್ಮ ಮೂರು ಗಂಟೆಗೊಮ್ಮೆ ಹಿಂಡಿ ಇಡಲಿ, ನರ್ಸ್ ತೋರಿಸಿಕೊಡುತ್ತಾರೆ. ನಾನು ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಚಿನ್ನುವಿನ ಹಳೇ ಫೈಲನ್ನೂ ತರುತ್ತೇನೆ. ರಾತ್ರಿ ಆಸ್ಪತ್ರೆಯಲ್ಲಿ ನಾನಿರುತ್ತೇನೆ, ನೀನು ಮನೆಗೆ ಹೋಗಿ ಸ್ವಲ್ಪ ಮಲಗು.