ಪರೀಕ್ಷೆಯಲ್ಲಿ ನೀರು ಸರಿಯಿದೆ, ಆದರೂ ಉಪ್ಪುನೀರಿನ ತೊಟ್ಟಿಯಲ್ಲಿ ಮೀನುಗಳು ಸಾಯುತ್ತಿವೆ

ಹವಳದಿಬ್ಬ, ಬೆಂಗಳೂರು

ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಕಳೆದ ವಾರ ಹೊಸದಾಗಿ ಒಂದು ಟ್ಯಾಂಗ್ ಮೀನನ್ನು ತಂದು ಬಿಟ್ಟೆವು. ಮೊದಲು ಅದು, ಆಮೇಲೆ ಎರಡು ಡ್ಯಾಮ್ಸೆಲ್ ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯ, ಉಪ್ಪಿನಾಂಶ ಸಾವಿರಕ್ಕೆ 35, ಉಷ್ಣಾಂಶ 26 ಡಿಗ್ರಿ. ಸತ್ತವುಗಳ ಮೈಮೇಲೆ ಗಾಯವಾಗಲಿ ಬಿಳಿ ಚುಕ್ಕೆಯಾಗಲಿ ಕಾಣಲಿಲ್ಲ. ಉಳಿದಿರುವ ಎರಡು ಕ್ಲೌನ್ ಮೀನುಗಳು ಆಹಾರ ಮುಟ್ಟದೆ, ಪಂಪಿನಿಂದ ಬರುವ ನೀರಿಗೆ ಮುಖವೊಡ್ಡಿ ಏದುಸಿರು ಬಿಡುತ್ತಿವೆ. ಸೀಗಡಿಗಳು ಮತ್ತು ಹವಳಗಳು ಮಾತ್ರ ಆರೋಗ್ಯವಾಗಿವೆ. ಈ ಎರಡು ಮೀನುಗಳನ್ನಾದರೂ ಉಳಿಸಿಕೊಳ್ಳುವ ದಾರಿಯನ್ನು ತಿಳಿದವರು ದಯವಿಟ್ಟು ಹೇಳಿ.

ಕಡಲತಡಿ, ಮಂಗಳೂರು

ನಿಮ್ಮ ವಿವರದಲ್ಲಿ ಅತ್ಯಂತ ಮುಖ್ಯವಾದದ್ದು ಸೀಗಡಿಗಳು ಬದುಕಿವೆ ಎಂಬ ಮಾತು. ನೀರಿಗೆ ತಾಮ್ರವೋ ಸೊಳ್ಳೆ ಔಷಧಿಯ ಅಂಶವೋ ಸೇರಿದ್ದರೆ ಸೀಗಡಿಗಳು ಮೀನಿಗಿಂತ ಮೊದಲೇ ಸಾಯುತ್ತಿದ್ದವು. ಮೀನುಗಳಷ್ಟೇ ಒಂದರ ಹಿಂದೆ ಒಂದು ಸಾಯುತ್ತಿರುವಾಗ, ಅದೂ ಹೊಸ ಮೀನು ಬಂದ ಮೇಲೆ, ಮೀನನ್ನೇ ಹಿಡಿಯುವ ಪರೋಪಜೀವಿಯನ್ನು ಶಂಕಿಸಬೇಕಾಗುತ್ತದೆ. ನನಗೆ ಇದು ವೆಲ್ವೆಟ್ ರೋಗವೆಂದೇ ತೋರುತ್ತದೆ. ಇದನ್ನು ತರುವ ಅಮಿಲೂಡಿನಿಯಂ ಎಂಬ ಸೂಕ್ಷ್ಮಜೀವಿ ಮೊದಲು ಕಿವಿರುಗಳಿಗೆ ಅಂಟಿಕೊಳ್ಳುವುದರಿಂದ, ಚರ್ಮದ ಮೇಲೆ ಏನೂ ಕಾಣಿಸುವ ಮೊದಲೇ ಮೀನು ಉಸಿರುಗಟ್ಟಿ ಸಾಯಬಹುದು. ಮೀನಿನಿಂದ ಕಳಚಿ ಬಿದ್ದ ಒಂದೊಂದು ಜೀವಿಯೂ ವಿಭಜನೆಗೊಂಡು 256ರವರೆಗೂ ಹೊಸ ಮರಿಗಳನ್ನು ನೀರಿಗೆ ಬಿಡಬಲ್ಲದು. ಆದ್ದರಿಂದ ದಯವಿಟ್ಟು ನಾಳೆಗೆ ಮುಂದೂಡಬೇಡಿ. ಕೋಣೆಯನ್ನು ಕತ್ತಲು ಮಾಡಿ, ಮೀನಿನ ಮೈಗೆ ಪಕ್ಕದಿಂದ ಟಾರ್ಚ್ ಹಿಡಿದು, ಬಂಗಾರದ ಪುಡಿ ಉದುರಿಸಿದಂತಹ ಹೊಳಪು ಇದೆಯೇ ನೋಡಿ.

ನೀಲಿನೀರು

ಆಮ್ಲಜನಕದ ಕೊರತೆಯನ್ನೂ ಪರಿಶೀಲಿಸುವುದು ಒಳ್ಳೆಯದು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಸಮುದ್ರದ ನೀರು 6.7ರಷ್ಟನ್ನು ಮಾತ್ರ ಹಿಡಿಯುತ್ತದೆ. ರಾತ್ರಿ ಪಾಚಿಗಳೂ ಅದನ್ನೇ ಬಳಸುತ್ತವೆ. ರಾತ್ರಿ ಕರೆಂಟ್ ಹೋಗಿ ಪಂಪು ನಿಂತಿತ್ತೇ? ರೋಗ ಯಾವುದೇ ಇರಲಿ, ಗಾಳಿಯ ಪಂಪನ್ನು ಈಗಲೇ ಹಾಕಿ.

ಹವಳದಿಬ್ಬ, ಬೆಂಗಳೂರು

ಕರೆಂಟ್ ಹೋಗಿರಲಿಲ್ಲ. ಗಾಳಿಯ ಪಂಪು ಹಾಕಿದ್ದೇನೆ. ಟಾರ್ಚಿನ ಬೆಳಕಿನಲ್ಲಿ ಒಂದು ಕ್ಲೌನ್ ಮೀನಿನ ಬೆನ್ನಿನ ಮೇಲೆ ನಸು ಹಳದಿಯ ಪುಡಿ ಕಾಣುತ್ತಿದೆ. ಔಷಧಿಯನ್ನು ತೊಟ್ಟಿಗೇ ಹಾಕಬಹುದೇ?

ಕಡಲತಡಿ, ಮಂಗಳೂರು

ಖಂಡಿತ ಹಾಕಬೇಡಿ. ವೆಲ್ವೆಟ್‌ಗೆ ಕೊಡುವ ಔಷಧಿ ತಾಮ್ರ, ಅದು ಸೀಗಡಿ ಮತ್ತು ಹವಳಗಳನ್ನು ಕೊಲ್ಲುವುದಲ್ಲದೆ ಕಲ್ಲು, ಮರಳುಗಳಲ್ಲಿ ಸೇರಿಕೊಂಡು ಬಹುಕಾಲ ಉಳಿಯುತ್ತದೆ. ಕಲ್ಲು ಮರಳಿಲ್ಲದ ಬೇರೆ ತೊಟ್ಟಿಗೆ ಎರಡೂ ಮೀನುಗಳನ್ನು ಸಾಗಿಸಿ, ಅಲ್ಲಿಯೇ ತಾಮ್ರದ ಚಿಕಿತ್ಸೆ ಕೊಡಿ. ಮುಕ್ತ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇರುವಂತೆ ಪ್ರತಿದಿನ ಪರೀಕ್ಷೆ ಮಾಡಿ ಕಾಯ್ದುಕೊಳ್ಳಬೇಕು. ಕೀಲೇಟ್ ಮಾಡಿದ, ಅಂದರೆ ಬೇರೊಂದು ರಾಸಾಯನಿಕಕ್ಕೆ ಬೆಸೆದ ತಾಮ್ರದ ಪ್ರಮಾಣ ಬೇರೆ, ಅದಕ್ಕೆ ಬಾಟಲಿಯ ಮೇಲಿನ ಸೂಚನೆಯನ್ನೇ ಅನುಸರಿಸಿ. ಒಂದು ಎಚ್ಚರಿಕೆ: ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರ ಪದರವಾಗಿ ಕಳಚುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಬೇರೊಂದು ಪರೋಪಜೀವಿ ಇರಬಹುದು, ಅದಕ್ಕೆ ತಾಮ್ರ ನಾಟುವುದಿಲ್ಲ, ಫಾರ್ಮಲಿನ್ ಬೇಕಾಗುತ್ತದೆ. ಸೂಕ್ಷ್ಮದರ್ಶಕ ಇರುವ ಮೀನುಗಾರಿಕಾ ತಜ್ಞರು ಸಿಕ್ಕರೆ ಕಿವಿರಿನ ಮಾದರಿ ನೋಡಿ ಹೇಳಬಲ್ಲರು. ದೊಡ್ಡ ತೊಟ್ಟಿಯಲ್ಲಿ ಸೀಗಡಿ, ಹವಳಗಳು ಹಾಗೆಯೇ ಇರಲಿ. ಮೀನು ಸಿಗದೆ ಪರೋಪಜೀವಿ ಸಾಯಲೆಂದು ಕನಿಷ್ಠ ಆರು ವಾರ ಅಲ್ಲಿ ಒಂದೂ ಮೀನು ಇರಬಾರದು.