ಹೊಸ ಫೋರ್‌ವೀಲ್ ಡ್ರೈವ್, ಮೊದಲ ಬೀಚ್ ಟ್ರಿಪ್: ಬೇಕೇ ಬೇಕಾದ ಸಾಮಾನು ಯಾವುದು?

ಹಾಸನದವ

ಎಲ್ಲರಿಗೂ ನಮಸ್ಕಾರ. ನಾವಿರುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್ ಪಕ್ಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಟೊಯೋಟಾ ಪ್ರಾಡೊ ತಗೊಂಡೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರನ್ನು ಮೊದಲು ಬ್ರೈಬಿ ಐಲ್ಯಾಂಡ್ ಬೀಚಿಗೆ, ಅದು ಸರಿಹೋದರೆ ಫ್ರೇಸರ್ ಐಲ್ಯಾಂಡಿಗೆ ಕರೆದುಕೊಂಡು ಹೋಗುವ ಆಸೆ. ಮರಳಿನ ಮೇಲೆ ನಾನು ಒಮ್ಮೆಯೂ ಓಡಿಸಿಲ್ಲ. ಅಂಗಡಿಯಲ್ಲಿ ಕೇಳಿದರೆ ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಕೊಡುವ ಕೊಳವೆ), ಲೈಟ್ ಬಾರ್, ಟಾಪಿನ ಮೇಲೊಂದು ಟೆಂಟ್ ಅಂತ ಉದ್ದ ಪಟ್ಟಿ ಕೊಟ್ಟರು. ಅಷ್ಟೆಲ್ಲ ಕೊಂಡರೆ ಪೆಟ್ರೋಲಿಗೂ ದುಡ್ಡು ಉಳಿಯಲ್ಲ. ನಿಜವಾಗಿ ಏನು ಬೇಕು, ಅನುಭವ ಇರುವವರು ಹೇಳ್ತೀರಾ?

ಗೋಲ್ಡ್‌ಕೋಸ್ಟ್ ಗೌಡ

ವಿಂಚ್ ಹಾಕಿಸಿಬಿಡಿ ಬ್ರದರ್. ಆಮೇಲೆ ಯಾರ ಹಂಗೂ ಇರಲ್ಲ.

ಹೊನ್ನಾವರದಕ್ಕ

ಗೌಡ್ರೇ, ಕಾಡಿನ ದಾರಿಗೆ ವಿಂಚ್ ಸರಿ. ಬೀಚಿನಲ್ಲಿ ಅದರ ಹಗ್ಗ ಯಾವುದಕ್ಕೆ ಕಟ್ಟುತ್ತೀರಿ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬರೀ ಮರಳ ದಿಬ್ಬ.

ಹಾಸನದವರೇ, ನಾನಿರೋದು ಕ್ಯಾಬೂಲ್ಚರ್‌ನಲ್ಲಿ. ಬ್ರೈಬಿ ನಮಗೆ ಪಕ್ಕದ ಮನೆ ಇದ್ದ ಹಾಗೆ. ಗಾಡಿ ಓಡಿಸೋದು ನಾನೇ, ಯಜಮಾನರು ಫ್ಲಾಸ್ಕು ಹಿಡಿದು ಕೂರುತ್ತಾರೆ. ನನ್ನ ಲೆಕ್ಕದಲ್ಲಿ ನಿಮ್ಮ ಮೊದಲ ದುಡ್ಡು ಹೋಗಬೇಕಾದ್ದು ಟೈರಿನ ಗಾಳಿಗೆ. ಒಂದು ಒಳ್ಳೆಯ ಗೇಜು, ಗಾಳಿ ಇಳಿಸುವ ಡಿಫ್ಲೇಟರ್, ಒಂದು ಕಂಪ್ರೆಸರ್. ಇವು ಮೂರಿಲ್ಲದೆ ಮರಳಿಗೆ ಇಳಿಯಲೇಬೇಡಿ.

ಯಾಕೆ ಅಂದ್ರೆ, ರಸ್ತೆಯಲ್ಲಿ 35 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇರುವ ಟೈರು ಮರಳನ್ನು ಅಗೆಯುತ್ತದೆ. 18ರಿಂದ 20ಕ್ಕೆ ಇಳಿಸಿದರೆ ನೆಲಕ್ಕೆ ತಾಗುವ ಭಾಗ ಉದ್ದವಾಗಿ, ಭಾರ ಹಂಚಿಹೋಗಿ, ಗಾಡಿ ಮರಳಿನ ಮೇಲೇ ಸಾಗುತ್ತದೆ. ಇದನ್ನು ಟಾರು ರಸ್ತೆ ಮುಗಿಯುವ ಜಾಗದಲ್ಲೇ ಮಾಡಿ. ಹೂತುಹೋದ ಮೇಲೆ ಇಳಿಸೋಣ ಅಂತ ಕಾಯುವವರೇ ಜಾಸ್ತಿ. ಫ್ರೇಸರ್‌ಗೆ (ಈಗ ಅದರ ಹೆಸರು ಗರಿ, 2023ರಲ್ಲಿ ಬದಲಾಯಿತು) ಬಾರ್ಜ್ (ಗಾಡಿ ದಾಟಿಸುವ ದೋಣಿ) ಹತ್ತುವ ಇನ್‌ಸ್ಕಿಪ್ ಪಾಯಿಂಟಿನಲ್ಲಂತೂ ಮರಳು ತುಂಬಾ ಸಡಿಲ. ಬಾರ್ಜ್ ಕಣ್ಣೆದುರಿಗೇ ಇರುತ್ತೆ, ಗಾಡಿ ಮಾತ್ರ ಅಲ್ಲೇ ಕೂತುಬಿಡುತ್ತೆ. ಹೂತರೆ 15ಕ್ಕೆ ಇಳಿಸಿ ನೋಡಿ. ಅಷ್ಟು ಕಡಿಮೆ ಗಾಳಿಯಲ್ಲಿ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು, ನಿಧಾನ.

ಕಂಪ್ರೆಸರ್ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದೇ ತಗೊಳ್ಳಿ. ಸಿಗರೇಟ್ ಲೈಟರಿಗೆ ಚುಚ್ಚುವ ಅಗ್ಗದ್ದು ಸಣ್ಣ ಕಾರಿಗೆ ಆಯ್ತು. ಪ್ರಾಡೊ ಟೈರು ತುಂಬುವಷ್ಟರಲ್ಲಿ ಅದು ಕೆಂಡದಂತೆ ಬಿಸಿಯಾಗುತ್ತೆ, ಫ್ಯೂಸ್ ಹೋಗುವುದೂ ಉಂಟು. ತುಂಬುವಾಗ ಎಂಜಿನ್ ಆನ್ ಇರಲಿ. ಗಾಳಿ ತುಂಬದೆ ಹೆದ್ದಾರಿ ಹತ್ತಬೇಡಿ.

ಎರಡನೆಯದು, ಉದ್ದ ಹಿಡಿಯ ಸಲಿಕೆ. ಮಡಚುವ ಪುಟ್ಟ ಸಲಿಕೆ ನೋಡಲು ಚೆಂದ. ಗಾಡಿಯ ಹೊಟ್ಟೆ ಮರಳಿನ ಮೇಲೆ ಕೂತಾಗ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ತನಕ ಕೈಚಾಚಿ ಮರಳು ಎಳೆಯಬೇಕಲ್ಲ, ಆಗ ಅದು ಸಾಲದು.

ಮೂರನೆಯದು, ಒಂದು ಜೊತೆ ರಿಕವರಿ ಬೋರ್ಡು, ಅಂದ್ರೆ ಹೂತ ಚಕ್ರಕ್ಕೆ ಹಿಡಿತ ಕೊಡುವ ಹಲ್ಲಿನ ಹಲಗೆ. ಮ್ಯಾಕ್ಸ್‌ಟ್ರ್ಯಾಕ್ಸ್ ನಮ್ಮ ಬ್ರಿಸ್ಬೇನ್ ಕಂಪನಿಯದೇ, ಬೆಲೆ ಜಾಸ್ತಿ. ಯಾವುದೇ ಕೊಳ್ಳಿ, ಮೊದಲು ಚಕ್ರದ ಮುಂದಿನ ಮರಳು ತೆಗೆದು, ಬೋರ್ಡನ್ನು ಟೈರಿಗೆ ಒತ್ತಿ ಇಟ್ಟು, ಆಕ್ಸಿಲರೇಟರ್ ಮೆಲ್ಲಗೆ ಒತ್ತಬೇಕು. ಚಕ್ರ ಸುಮ್ನೆ ತಿರುಗಿದರೆ ಬೋರ್ಡಿನ ಹಲ್ಲು ಕರಗಿಹೋಗುತ್ತದೆ.

ಜಾಕಿನ ಕೆಳಗಿಡಲು ದಪ್ಪ ಪ್ಲೈವುಡ್ ತುಂಡು ಇರಲಿ, ಇಲ್ಲದಿದ್ದರೆ ಜಾಕು ಮರಳಿಗೆ ಇಳಿಯುತ್ತದೆ, ಗಾಡಿ ಮೇಲೇಳಲ್ಲ. ಕುಡಿಯುವ ನೀರು, ಫಸ್ಟ್ ಏಡ್ ಎಲ್ಲ ನಿಮಗೆ ಗೊತ್ತೇ ಇದೆ. ಸ್ನಾರ್ಕೆಲ್, ಲೈಟ್ ಬಾರ್ ಈಗ ಬೇಡ. ರಾತ್ರಿ ಬೀಚಿನಲ್ಲಿ ಓಡಿಸುವ ಕೆಲಸವೇ ಇಟ್ಟುಕೊಳ್ಳಬೇಡಿ.

ಹಾಸನದವ

ಅಕ್ಕ, ತುಂಬಾ ಥ್ಯಾಂಕ್ಸ್. ಎಳೆಯುವ ಹಗ್ಗದ ಬಗ್ಗೆ ಹೇಳಲೇ ಇಲ್ಲ? ಗಾಡಿಯ ಹಿಂದೆ ಟೋ ಬಾಲ್ ಇದೆ. ಯಾರಾದರೂ ಬಂದರೆ ಅದಕ್ಕೇ ಕಟ್ಟಿ ಎಳೆಸಬಹುದು ಅಲ್ವಾ?

ಹೊನ್ನಾವರದಕ್ಕ

ಬೇಡ! ಟೋ ಬಾಲಿಗೆ ಸ್ನ್ಯಾಚ್ ಸ್ಟ್ರ್ಯಾಪ್ ಕಟ್ಟಲೇಬಾರದು. ಅದು ಇರುವುದು ಟ್ರೇಲರ್ ಎಳೆಯಲು. ಸ್ನ್ಯಾಚ್ ಸ್ಟ್ರ್ಯಾಪ್ ರಬ್ಬರಿನ ಹಾಗೆ ಹಿಗ್ಗಿ, ಆ ಜಗ್ಗಿನ ಬಲದಿಂದ ಗಾಡಿಯನ್ನು ಹೊರಗೆ ತರುವಂಥದ್ದು. ಆ ಬಲಕ್ಕೆ ಬಾಲ್ ಮುರಿದರೆ ಅಷ್ಟು ತೂಕದ ಉಕ್ಕು ಗುಂಡಿನಂತೆ ಹಾರಿಬರುತ್ತೆ. ಆಸ್ಟ್ರೇಲಿಯಾದಲ್ಲಿ ಹೀಗೆ ಜನ ಸತ್ತಿದ್ದಾರೆ.

ಗಾಡಿಯ ಮುಂದೆ ಕೆಳಗಡೆ ಕೊಕ್ಕೆಯಂಥ ಬಳೆ ಕಾಣುತ್ತೆ. ಅದೂ ಎಷ್ಟೋ ಗಾಡಿಗಳಲ್ಲಿ ಹಡಗಿನಲ್ಲಿ ತರುವಾಗ ಬಿಗಿದು ಕಟ್ಟಲು ಇಟ್ಟಿದ್ದು, ಎಳೆಯಲು ಅಲ್ಲ. ರೇಟೆಡ್ ರಿಕವರಿ ಪಾಯಿಂಟ್ ಅಂತ ಬೇರೆಯೇ ಸಿಗುತ್ತೆ, ಅದನ್ನು ಹಾಕಿಸಿ. ಅಂಗಡಿಯವರ ಪಟ್ಟಿಯಲ್ಲಿ ಇದು ಇರಲಿಲ್ಲ ನೋಡಿ! ಹಿಂದುಗಡೆ ಬಾಲ್ ಇರುವ ನಾಲಿಗೆಯನ್ನು ಪೂರ್ತಿ ಹೊರತೆಗೆದು, ಆ ಚೌಕ ರಂಧ್ರಕ್ಕೆ ಹಾಕುವ ರಿಕವರಿ ಹಿಚ್ ಬರುತ್ತೆ. ಸ್ಟ್ರ್ಯಾಪನ್ನು ಗಾಡಿಗೆ ಸಿಕ್ಕಿಸುವ ಕೊಂಡಿ, ಅಂದ್ರೆ ಶ್ಯಾಕಲ್ ಮೇಲೆ ಎಷ್ಟು ಟನ್ ತಡೆಯುತ್ತೆ ಅಂತ ಅಚ್ಚು ಇರಬೇಕು, ಇಲ್ಲದ್ದು ಬೇಡ. ಸ್ಟ್ರ್ಯಾಪಿನ ನಡುವೆ ಡ್ಯಾಂಪರ್ (ಹಗ್ಗ ಕಿತ್ತರೆ ಹಾರದಂತೆ ತಡೆಯುವ ಭಾರದ ಹೊದಿಕೆ) ಹೊದಿಸಿ. ಎಳೆಯುವಾಗ ಅಪ್ಪ ಅಮ್ಮನನ್ನು ದೂರ, ಪಕ್ಕಕ್ಕೆ ಕಳಿಸಿ. ವಿಡಿಯೊ ಮಾಡೋಕೆ ಅಂತ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ನಿಜ ಹೇಳಬೇಕೆಂದರೆ ಗಾಳಿ ಇಳಿಸಿ, ಸಲಿಕೆಯಲ್ಲಿ ತೋಡಿ, ಬಂದ ಜಾಡಿನಲ್ಲೇ ರಿವರ್ಸ್ ತಗೊಂಡರೆ ಎಷ್ಟೋ ಸಲ ಹಗ್ಗದ ತನಕ ಹೋಗುವುದೇ ಬೇಡ. ಚಕ್ರ ತಿರುಗಿಯೂ ಗಾಡಿ ಮುಂದೆ ಹೋಗದಿದ್ದರೆ ತಕ್ಷಣ ಕಾಲು ತೆಗೆಯಿರಿ. ನಿಲ್ಲಿಸುವಾಗ ಬ್ರೇಕ್ ಒತ್ತಬೇಡಿ, ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತೆ. ತಾನಾಗಿ ನಿಲ್ಲಲು ಬಿಡಿ, ಮೂತಿ ಇಳಿಜಾರಿಗೆ ಇರಲಿ.

ಗೋಲ್ಡ್‌ಕೋಸ್ಟ್ ಗೌಡ

ಸರಿ ಅಕ್ಕ, ವಿಂಚ್ ವಾಪಸ್ ತಗೊಂಡೆ. ಒಂದು ಮಾತು ಸೇರಿಸ್ತೀನಿ: ಯುಎಚ್‌ಎಫ್ ರೇಡಿಯೊ. ಗಾಡಿಯಿಂದ ಗಾಡಿಗೆ ಮಾತಾಡಲು ವಾಕಿಟಾಕಿ ಥರದ್ದು, ಕೈಯಲ್ಲಿ ಹಿಡಿಯುವುದಾದರೂ ಸಾಕು. ಎರಡು ಗಾಡಿ ಹೋದರೆ ಚಾನೆಲ್ 10ರಲ್ಲಿ ಮಾತಾಡಬಹುದು. 5 ಮತ್ತು 35 ತುರ್ತಿಗೆ ಮೀಸಲು, ಅಲ್ಲಿ ಹರಟೆ ಬೇಡ.

ಬೆಂಗಳೂರು ಥಾರ್

ನಮ್ಮ ಕಡೆ ಬೀಚಿನಲ್ಲಿ ಓಡಿಸೋಕೆ ಆಗುತ್ತಾ? ಗೋಕರ್ಣ, ಹೊನ್ನಾವರ ಕಡೆ?

ಹೊನ್ನಾವರದಕ್ಕ

ನಮ್ಮೂರ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ದೋಣಿ, ಬಲೆ ಹರಡಿರುತ್ತೆ. ಅಲ್ಲಿ ಥಾರ್ ಇಳಿಸುವ ಯೋಚನೆ ಬಿಡಿ. ಆಸೆ ಇದ್ದರೆ ಕೇರಳದ ಕಣ್ಣೂರಿನ ಹತ್ತಿರ ಮುಳಪ್ಪಿಲಂಗಾಡ್‌ಗೆ ಹೋಗಿ. ಸುಮಾರು 4 ಕಿಲೋಮೀಟರ್ ಗಟ್ಟಿ ಮರಳು, ಸಾಮಾನ್ಯ ಕಾರೂ ಹೋಗುತ್ತೆ.

ಹಾಸನದವ

ಕಂಪ್ರೆಸರ್, ಗೇಜು, ಡಿಫ್ಲೇಟರ್, ಸಲಿಕೆ, ಬೋರ್ಡು ಆಯ್ತು. ರಿಕವರಿ ಪಾಯಿಂಟ್ ಹಾಕಿಸಲು ಕೊಟ್ಟಿದ್ದೇನೆ. ಬೀಚಿನಲ್ಲಿ ಗಾಡಿ ಓಡಿಸುವ ಪರ್ಮಿಟ್ ಅಲ್ಲೇ ಸಿಗುತ್ತಾ?

ಹೊನ್ನಾವರದಕ್ಕ

ಮನೆಯಿಂದಲೇ ಕ್ವೀನ್ಸ್‌ಲ್ಯಾಂಡ್ ಪಾರ್ಕ್ಸ್‌ನವರ ಸೈಟಿನಲ್ಲಿ ತಗೊಳ್ಳಿ. ಬ್ರೈಬಿಗೆ ಬೇರೆ, ಗರಿಗೆ ಬೇರೆ. ಬೀಚ್ ಮುಚ್ಚಿದೆಯಾ ಅಂತಲೂ ಅಲ್ಲೇ ನೋಡಿ, ಅಲೆ ಕೊರೆದು ದಾರಿ ಹೋಗಿರುತ್ತೆ. ಗರಿಯ ಪೂರ್ವದ ಬೀಚು ಲೆಕ್ಕಕ್ಕೆ ರಸ್ತೆಯೇ. 80ರ ಮಿತಿ ಇದೆ, ಪೊಲೀಸರು ಇರುತ್ತಾರೆ, ಸಣ್ಣ ವಿಮಾನವೂ ಅಲ್ಲೇ ಇಳಿಯುತ್ತೆ! ಆದರೆ ಈಲೈ ಕ್ರೀಕಿನಂಥ ತೊರೆಗಳು ಮರಳನ್ನು ಕೊರೆದಿರುತ್ತವೆ, ದೂರದಿಂದ ಕಾಣಲ್ಲ. 80 ಬಿಡಿ, ನೀವು 50ರಲ್ಲೇ ಹೋಗಿ.

ಅಲ್ಲಿ ಡಿಂಗೊ ಕಾಡುನಾಯಿಗಳಿವೆ. ಅಮ್ಮನಿಗೆ ಮೊದಲೇ ಹೇಳಿಬಿಡಿ, ಪಾಪ ಅಂತ ಚಕ್ಕುಲಿ ಹಾಕಿದರೆ ದಂಡ ಬೀಳುತ್ತೆ. ಮನೆಗೆ ಬಂದಮೇಲೆ ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಅನ್ನು ಗಾಡಿಯ ಕೆಳಗಿಟ್ಟು ಅರ್ಧ ಗಂಟೆ ಬಿಡಿ. ಉಪ್ಪು ತೊಳೆಯದಿದ್ದರೆ ಛಾಸಿ ತುಕ್ಕು ಹಿಡಿಯುತ್ತೆ.

ಹಾಸನದವ

ಶನಿವಾರ ಬ್ರೈಬಿಗೆ. ಟೈಡ್ ಪಟ್ಟಿಯಲ್ಲಿ ಬೆಳಿಗ್ಗೆ 8:40ಕ್ಕೆ ಉಬ್ಬರ ಅಂತಿದೆ. 8ಕ್ಕೆಲ್ಲ ಬೀಚಿನಲ್ಲಿ ಇರೋಣ ಅಂದ್ಕೊಂಡಿದ್ವಿ.

ಹೊನ್ನಾವರದಕ್ಕ

ಆಗಲ್ಲ. ಉಬ್ಬರದ ಹಿಂದೆ ಮುಂದೆ ಎರಡೆರಡು ಗಂಟೆ ಬೀಚಿನಲ್ಲಿ ಗಾಡಿ ಇರಬಾರದು. ನೀರು ದಿಬ್ಬದ ಬುಡಕ್ಕೇ ಬರುತ್ತೆ, ಓಡಲು ಮೆತ್ತನೆಯ ಮರಳಷ್ಟೇ ಉಳಿಯುತ್ತೆ. 10:40 ಆದಮೇಲೆ ಇಳಿಯಿರಿ. ಪೂರ್ತಿ ಇಳಿತ ಮೂರರ ಹೊತ್ತಿಗೆ, ಆಗ ಒದ್ದೆ ಮರಳು ಗಟ್ಟಿಯಾಗಿ, ಅಗಲವಾಗಿ ಸಿಗುತ್ತೆ. ಕತ್ತಲಾಗುವ ಮೊದಲು ಹೊರಗೆ ಬಂದುಬಿಡಿ. ಬೆಳಿಗ್ಗೆ ತಿಂಡಿ ಮನೆಯಲ್ಲೇ ಮುಗಿಸಿ ಹೊರಡಿ.