ಸಹಾಯ ಬೇಕು: ಹೊಲಿಗೆ ಬಟ್ಟೆಗಳನ್ನು ಮಳೆಗಾಲದಲ್ಲಿ ಹೇಗೆ ಇಡುತ್ತೀರಿ?

ನಮಸ್ಕಾರ, ನಮ್ಮದು ಉಡುಪಿ. ಹೊಲಿಯಲು ತಂದಿಟ್ಟ ಬಟ್ಟೆಗಳಿಂದ ಕಪಾಟು ತುಂಬಿಹೋಗಿದೆ. ಗುಳೇದಗುಡ್ಡದ ಖಣ, ಕಾಟನ್ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು ಎಲ್ಲ ಒಂದರ ಮೇಲೊಂದು. ಅಡಿಯಲ್ಲಿರುವ ಹಸಿರು ಲೈನಿಂಗ್ ಎಳೆದರೆ ಇಡೀ ಅಟ್ಟಿಯೇ ಬೀಳುತ್ತದೆ.

ಅದಕ್ಕಿಂತ ಜಾಸ್ತಿ ಚಿಂತೆ ತೇವದ್ದು. ಒಂದು ಚೆಂದದ ಖಣದ ಮಡಿಕೆಯೊಳಗೆ ಬಿಳಿ ಬೂಷ್ಟು ಕಂಡು ತುಂಬಾ ಬೇಜಾರಾಯಿತು. ರೇಷ್ಮೆ ತುಂಡುಗಳಿಗೆ ನುಸಿಗುಳಿಗೆ ನೇರ ತಾಗಬಾರದು ಅಂತ ಅವನ್ನು ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಧೂಳು ಕೂರುವುದಿಲ್ಲ, ನಿಜ. ಆದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ ಅಲ್ವಾ?

ಕರಾವಳಿ, ಮಲೆನಾಡಿನವರು ಏನು ಮಾಡುತ್ತೀರಿ? ಬಣ್ಣ ನೋಡಿ ಜೋಡಿಸುತ್ತೀರೋ, ಬಟ್ಟೆಯ ಜಾತಿ ನೋಡಿಯೋ? ಅರ್ಧ ಮೀಟರಿಗಿಂತ ಚಿಕ್ಕ ತುಂಡುಗಳಿಗೆ ಜಾಗ ಎಲ್ಲಿ? ನಿಮ್ಮ ಕಪಾಟಿನ ಫೋಟೋ ಇದ್ದರೆ ದಯವಿಟ್ಟು ಹಾಕಿ.